‘ಬಂದವ್ರೆ’ ಬೇರೆ, ‘ಬಂದಿದ್ರು’ ಬೇರೆ: ಅಪ್ಪ ಕಲಿಸಿದ ಇಂಗ್ಲಿಷ್ ಟೆನ್ಸ್

ಹಾಸನದ ಆಸ್ಪತ್ರೆಯೊಂದರ ಐಸಿಯು ಮುಂದಿನ ಕಬ್ಬಿಣದ ಬೆಂಚಿನ ಮೇಲೆ ಕೂತು ನಾನು ರಾಜೀನಾಮೆ ಪತ್ರ ಟೈಪ್ ಮಾಡಿದ್ದೆ. ‘ಸೆಂಡ್’ ಒತ್ತುವುದೊಂದು ಬಾಕಿ. ಇಷ್ಟಕ್ಕೆಲ್ಲ ಕಾರಣ ಎರಡು ಸಾಲಿನ ಒಂದು ಇಂಗ್ಲಿಷ್ ಮೇಲ್. ಅದನ್ನು ಬರೆದವಳೂ ನಾನೇ!

ಆದದ್ದಿಷ್ಟು. ಜುಲೈ ತಿಂಗಳ ಒಂದು ಸೋಮವಾರ ಬೆಳಗಿನ ಜಾವ ಅಮ್ಮನ ಫೋನ್ ಬಂತು. ಅಪ್ಪನಿಗೆ ಎದೆನೋವು. ಬೆಂಗಳೂರಿನಲ್ಲಿ ಸಿಕ್ಕ ಬಸ್ ಹತ್ತಿ ನಾನು ಹಾಸನ ತಲುಪುವಷ್ಟರಲ್ಲಿ ಸ್ಟೆಂಟ್ ಹಾಕಿ ಆಗಿತ್ತು. ‘ಇನ್ನು ಕೆಲವು ದಿನ ಐಸಿಯುನಲ್ಲೇ ಇರಲಿ, ಆಮೇಲೆ ನೋಡೋಣ’ ಅಂದರು ಡಾಕ್ಟರು. ಆಫೀಸಿಗೆ ‘ಫ್ಯಾಮಿಲಿ ಎಮರ್ಜೆನ್ಸಿ’ ಅಂತ ಒಂದು ಮೆಸೇಜ್ ಹಾಕಿ ಫೋನ್ ಬ್ಯಾಗಿಗೆ ಸೇರಿಸಿದವಳು ಮತ್ತೆ ತೆಗೆದದ್ದು ಗುರುವಾರ.

ನಾನು ಸಾಫ್ಟ್‌ವೇರ್ ಟೆಸ್ಟರ್. ಆ ವಾರ ಶುಕ್ರವಾರ ದೊಡ್ಡದೊಂದು ರಿಲೀಸ್ ಇತ್ತು. ನಮ್ಮ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಡಂ ಇರುವುದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ. ನಾಲ್ಕು ದಿನದ ನಿದ್ದೆಗೆಟ್ಟ ಕಣ್ಣಲ್ಲೇ ಅವರಿಗೆ ಬರೆದೆ: “ಮೈ ಫಾದರ್ ವಾಸ್ ಇನ್ ಹಾಸ್ಪಿಟಲ್ ಫಾರ್ ಫೋರ್ ಡೇಸ್. ಐ ವಾಸ್ ವಿತ್ ಹಿಮ್.”

ಹತ್ತು ನಿಮಿಷದಲ್ಲಿ ಉತ್ತರ ಬಂತು. ಕೇಳಿ ಬೇಸರವಾಯಿತು, ಸದ್ಯ ಎಲ್ಲ ಮುಗಿದು ಅಪ್ಪ ಮನೆ ಸೇರಿದ್ದು ಸಮಾಧಾನ, ಹಾಗಾದರೆ ನಾಳೆ ರಿಲೀಸ್ ಕಾಲ್‌ನಲ್ಲಿ ಸಿಗೋಣ ಅನ್ನುವ ಅರ್ಥದ ನಾಲ್ಕು ಸಾಲು. ಕೊನೆಗೊಂದು ನಗುಮುಖ.

ನನ್ನ ಮೈಯೆಲ್ಲ ಉರಿದುಹೋಯಿತು. ಗಾಜಿನ ಬಾಗಿಲ ಆಚೆ ಅಪ್ಪ ವೈರುಗಳ ನಡುವೆ ಮಲಗಿದ್ದಾರೆ, ಇವರಿಗೆ ರಿಲೀಸ್ ಚಿಂತೆ! ಮನುಷ್ಯರಾ ಇವರು? ಇಂಥವರ ಕೈಕೆಳಗೆ ದುಡಿಯುವುದೇ ಬೇಡ ಅಂತ ರಾಜೀನಾಮೆ ಬರೆದೆ. ಕಳಿಸುವ ಮೊದಲು ಎರಡೂ ಮೇಲನ್ನು ನನ್ನ ಟೀಮಿನಲ್ಲೇ ಇರುವ ಧಾರವಾಡದ ಗೆಳತಿಗೆ ಫಾರ್ವರ್ಡ್ ಮಾಡಿದೆ, ಅವಳೂ ಸ್ವಲ್ಪ ಬೈಯಲಿ ಅಂತ.

ಅವಳು ಬೈಯಲಿಲ್ಲ. ತಕ್ಷಣ ಫೋನ್ ಮಾಡಿದಳು. “ನಿಮ್ಮಪ್ಪಾರು ಮನೀಗೆ ಬಂದ್ರೇನ? ಮತ್ತ ನೀ ಯಾಕ ಇನ್ನೂ ಆಸ್ಪತ್ರ್ಯಾಗ ಕುಂತೀ?”

“ಎಲ್ಲಿ ಬಂದ್ರು? ಐಸಿಯುನಲ್ಲೇ ಇದ್ದಾರೆ ಕಣೇ!”

“ಹಂಗಾರ ನೀ ಬರದಿದ್ದು ತಪ್ಪೈತಿ. ‘ಇದ್ದರು’ ಅಂತ ಬರದೀ. ‘ಇದ್ದಾರೆ’ ಅಂತ ಬರದಿಲ್ಲ.”

ಮೇಲ್ ಮತ್ತೊಮ್ಮೆ ಓದಿದೆ. ಅವಳು ಹೇಳಿದ್ದು ನಿಜ. ‘ವಾಸ್’ ಅಂದರೆ ಇದ್ದರು. ನಾಲ್ಕು ದಿನ ಇದ್ದರು, ಈಗ ಇಲ್ಲ. ಮೇಡಂ ಓದಿದ್ದು ನಾನು ಬರೆದದ್ದನ್ನೇ. ನಾನು ಬರೆಯಬೇಕಿದ್ದದ್ದು: “ಮೈ ಫಾದರ್ ಹ್ಯಾಸ್ ಬೀನ್ ಇನ್ ಹಾಸ್ಪಿಟಲ್ ಫಾರ್ ಫೋರ್ ಡೇಸ್. ಐ ಹ್ಯಾವ್ ಬೀನ್ ವಿತ್ ಹಿಮ್.” ನಾಲ್ಕು ದಿನದಿಂದ ಇದ್ದಾರೆ, ಈಗಲೂ ಇದ್ದಾರೆ. ನಾನೂ ಜೊತೆಗಿದ್ದೇನೆ.

ನಾಚಿಕೆ ಬದಿಗಿಟ್ಟು ಮೇಡಂಗೆ ಫೋನ್ ಮಾಡಿದೆ. ಒಂದು ಕ್ಷಣ ಮೌನ. ಆಮೇಲೆ ಅವರೇ ಮೂರು ಸಲ ಸಾರಿ ಕೇಳಿದರು. ಶುಕ್ರವಾರದ ನನ್ನ ಕೆಲಸ ಬೇರೆಯವರಿಗೆ ಹೋಯಿತು, ನನಗೆ ಎರಡು ವಾರ ರಜೆ ಸಿಕ್ಕಿತು. ರಾಜೀನಾಮೆ ಪತ್ರ ಇವತ್ತಿಗೂ ನನ್ನ ಡ್ರಾಫ್ಟ್ಸ್ ಫೋಲ್ಡರಿನಲ್ಲಿದೆ. ಅಳಿಸಿಲ್ಲ, ನೆನಪಿಗಿರಲಿ ಅಂತ.

ತಪ್ಪು ವಾಕ್ಯಕ್ಕಿಂತ ಸರಿಯಾದ ವಾಕ್ಯವೇ ಅಪಾಯ

ಆ ‘ವಾಸ್’ ನನ್ನ ಕೈಗೆ ಎಲ್ಲಿಂದ ಬಂತು ಅಂತ ಆಮೇಲೆ ಯೋಚಿಸಿದೆ. ಮನಸ್ಸಿನಲ್ಲಿದ್ದ ಕನ್ನಡ ‘ಅಪ್ಪ ನಾಲ್ಕು ದಿನದಿಂದ ಆಸ್ಪತ್ರೆಯಲ್ಲಿದ್ದಾರೆ’. ಹಾಗೇ ಇಂಗ್ಲಿಷಿಗೆ ತಂದಿದ್ದರೆ ‘ಈಸ್ ಇನ್ ಹಾಸ್ಪಿಟಲ್ ಸಿನ್ಸ್ ಫೋರ್ ಡೇಸ್’ ಆಗುತ್ತಿತ್ತು. ಅದು ತಪ್ಪು ಇಂಗ್ಲಿಷ್ ಅಂತ ಹಿಂದೊಮ್ಮೆ ಯಾರೋ ನಕ್ಕಿದ್ದರು. ಹಾಗಾಗಿ ತಿದ್ದಲು ಹೋದೆ. ನಾಲ್ಕು ದಿನ ಕಳೆದುಹೋಗಿದೆಯಲ್ಲ, ಭೂತಕಾಲ ಇರಬೇಕು ಅಂತ ‘ವಾಸ್’ ಹಾಕಿದೆ.

ವಿಚಿತ್ರ ನೋಡಿ. ಆ ‘ತಪ್ಪು’ ವಾಕ್ಯ ಬರೆದಿದ್ದರೆ ಮೇಡಂಗೆ ವಿಷಯ ಸರಿಯಾಗಿ ತಿಳಿಯುತ್ತಿತ್ತು. ನಾನು ಬರೆದ ವಾಕ್ಯದಲ್ಲಿ ವ್ಯಾಕರಣ ದೋಷ ಒಂದೂ ಇಲ್ಲ, ಫೋನು ಕೆಂಪು ಗೆರೆ ಎಳೆಯಲಿಲ್ಲ. ಆದರೆ ಅದು ಹೇಳಿದ್ದು ಬೇರೆಯದೇ ಕಥೆ. ಪ್ರೆಸೆಂಟ್ ಪರ್ಫೆಕ್ಟ್ ವಿಷಯದಲ್ಲಿ ಎಚ್ಚರ ಬೇಕಿರುವುದು ಇಲ್ಲೇ. ಕೇಳಿದವರು ನಗುವಂಥ ತಪ್ಪು ಪರವಾಗಿಲ್ಲ. ಕೇಳಿದವರು ನಂಬಿಬಿಡುವಂಥ ತಪ್ಪೇ ಕಷ್ಟ.

ಅಪ್ಪನ ಫೋನ್ ಪಾಠ

ಶನಿವಾರ ಅಪ್ಪನನ್ನು ವಾರ್ಡಿಗೆ ತಂದರು. ಕೈಗೆ ಫೋನ್ ಸಿಕ್ಕಿದ್ದೇ ತಡ ದೊಡ್ಡಪ್ಪನಿಗೆ ಕರೆ ಹೋಯಿತು. “ಮಗ್ಳು ಬಂದವ್ಳೆ ಕಣಣ್ಣ, ಇಲ್ಲೇ ಪಕ್ದಲ್ಲೇ ಕೂತವ್ಳೆ. ನೆನ್ನೆ ಭಾವ ಬಂದಿದ್ರು.”

ನಾನು ಬೆಚ್ಚಿಬಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಪ್ಪ ನಾನು ಮೇಲ್‌ನಲ್ಲಿ ಎಡವಿದ ವ್ಯತ್ಯಾಸವನ್ನು ಉಸಿರಾಡಿದಷ್ಟು ಸಲೀಸಾಗಿ ಹೇಳುತ್ತಿದ್ದರು. ‘ಬಂದವ್ಳೆ’ ಅಂದರೆ ಬಂದಿದ್ದಾಳೆ, ಇಲ್ಲೇ ಇದ್ದಾಳೆ. ‘ಬಂದಿದ್ರು’ ಅಂದರೆ ಬಂದರು, ಹೊರಟೂಹೋದರು. ಧಾರವಾಡದ ಕಡೆ ಇದೇ ‘ಬಂದಾರ’ ಮತ್ತು ‘ಬಂದಿದ್ರು’. ಯಾವ ಊರಿನ ಕನ್ನಡವಾದರೂ ಈ ಭೇದ ನಮಗೆ ತೊಟ್ಟಿಲಲ್ಲೇ ಬಂದಿದೆ.

ನಮ್ಮ ಅಮ್ಮಂದಿರು ಅನ್ನಕ್ಕಿಡುವುದೇ ಈ ಲೆಕ್ಕದ ಮೇಲೆ ಅಲ್ವಾ? ‘ಮಾವ ಬಂದಿದ್ದಾರೆ’ ಅಂದರೆ ಒಂದು ಲೋಟ ಅಕ್ಕಿ ಜಾಸ್ತಿ. ‘ಮಾವ ಬಂದಿದ್ದರು’ ಅಂದರೆ ಅಕ್ಕಿ ಡಬ್ಬ ಮುಚ್ಚಿಯೇ ಇರುತ್ತದೆ.

ಗುಟ್ಟು ಇರುವುದು ಬಾಲದಲ್ಲಿ

‘ಬಂದಿದ್ದಾರೆ’ ಬಿಡಿಸಿದರೆ ‘ಬಂದು + ಇದ್ದಾರೆ’. ಬಂದದ್ದು ಮುಗಿದ ಕೆಲಸ. ಬಾಲದಲ್ಲಿರುವ ‘ಇದ್ದಾರೆ’ ಮಾತ್ರ ಈಗಿನದು. ಇಂಗ್ಲಿಷಿನ ‘ಹ್ಯಾವ್ ಕಮ್’ ಕೂಡ ಹೀಗೇ. ‘ಕಮ್’ ಮುಗಿದ ಕೆಲಸ, ‘ಹ್ಯಾವ್’ ಈಗಿನದು. ಶಾಲೆಯಲ್ಲಿ ಹನ್ನೆರಡು ಮನೆಯ ಟೆನ್ಸ್ ಕೋಷ್ಟಕ ಬಾಯಿಪಾಠ ಮಾಡಿಸುತ್ತಾರಲ್ಲ, ಅದರಲ್ಲಿ ಈ ರೂಪ ಪಾಸ್ಟ್ ಸಾಲಿನಲ್ಲಿಲ್ಲದೆ ಪ್ರೆಸೆಂಟ್ ಸಾಲಿನಲ್ಲಿ ಕೂತಿರುವುದು ಇದಕ್ಕೇ.

ಹಳೆಯ ಇಂಗ್ಲಿಷಿನಲ್ಲಿ ಈ ರಚನೆ ಶುರುವಾದದ್ದೂ ಚೆನ್ನಾಗಿದೆ. ‘ಬರೆದು ಮುಗಿಸಿದ ಕಾಗದ ನನ್ನ ಕೈಯಲ್ಲಿದೆ’ ಅನ್ನುವ ಥರ ‘ಹ್ಯಾವ್’ ಅಂದರೆ ನಿಜವಾಗಿಯೂ ಹೊಂದಿರುವುದು ಅಂತಲೇ ಅರ್ಥವಿತ್ತು. ಕಾಲಕ್ರಮದಲ್ಲಿ ಅದೇ ‘ಐ ಹ್ಯಾವ್ ರಿಟನ್ ದ ಲೆಟರ್’ ಆಯಿತು. ಅವರದು ‘ಕೈಯಲ್ಲಿದೆ’, ನಮ್ಮದು ‘ಮಾಡಿ ಇದ್ದೇನೆ’. ಎರಡರಲ್ಲೂ ಹಿಂದೆ ಮಾಡಿದ್ದರ ಫಲ ಈಗಲೂ ಕಣ್ಣೆದುರಿಗಿದೆ.

ಕಟ್ಟುವ ವಿಧಾನ ಸುಲಭ. ಐ, ಯು, ವಿ, ದೇ ಇದ್ದರೆ ‘ಹ್ಯಾವ್’. ಹಿ, ಶಿ, ಇಟ್ ಇದ್ದರೆ ‘ಹ್ಯಾಸ್’. ಅದರ ಮುಂದೆ ಕ್ರಿಯಾಪದದ ಮೂರನೇ ರೂಪ. ಗೋ, ವೆಂಟ್, ಗಾನ್ ಅಂತ ಓದಿದ್ದೇವಲ್ಲ, ಅದರ ಕೊನೆಯದು. ‘ಐ ಹ್ಯಾವ್ ವೆಂಟ್’ ಆಗದು, ‘ಐ ಹ್ಯಾವ್ ಗಾನ್’. ‘ಐ ಹ್ಯಾವ್ ರೋಟ್’ ಆಗದು, ‘ಐ ಹ್ಯಾವ್ ರಿಟನ್’.

ಕನ್ನಡ ಕೈಹಿಡಿಯುವ ಮೂರು ಜಾಗ

ಮೊದಲನೆಯದು ಮೇಲೆ ನೋಡಿದ್ದೇ. ‘ದ ಮ್ಯಾನೇಜರ್ ಹ್ಯಾಸ್ ಅಪ್ರೂವ್ಡ್ ಇಟ್’ ಅಂದರೆ ಒಪ್ಪಿದ್ದಾರೆ, ಕೆಲಸ ಮುಂದುವರಿಸಬಹುದು. ‘ಐ ಹ್ಯಾವ್ ಲಾಸ್ಟ್ ಮೈ ಐಡಿ ಕಾರ್ಡ್’ ಅಂದರೆ ಕಳೆದುಕೊಂಡಿದ್ದೇನೆ, ಇನ್ನೂ ಸಿಕ್ಕಿಲ್ಲ, ಗೇಟಿನಲ್ಲಿ ಸೆಕ್ಯುರಿಟಿ ಅಣ್ಣನಿಗೆ ಹೇಳಬೇಕಾದ ವಾಕ್ಯ ಇದೇ.

ಎರಡನೆಯದು ಇಲ್ಲ ಅನ್ನುವಾಗ. ‘ಬಂದಿಲ್ಲ’ ಬೇರೆ, ‘ಬರಲಿಲ್ಲ’ ಬೇರೆ. ಮದುವೆ ಮನೆ ಬಾಗಿಲಲ್ಲಿ ನಿಂತು ‘ಅತ್ತೆ ಇನ್ನೂ ಬಂದಿಲ್ಲ’ ಅಂದರೆ ಕಾಯುತ್ತಿದ್ದೇವೆ ಅಂತ. ಮಾರನೇ ದಿನ ‘ಅತ್ತೆ ಬರಲಿಲ್ಲ’ ಅಂದರೆ ಮುನಿಸು ಶುರು. ‘ದ ಕ್ಲೈಂಟ್ ಹ್ಯಾಸ್ ನಾಟ್ ರಿಪ್ಲೈಡ್ ಯೆಟ್’ ಅಂದರೆ ಉತ್ತರ ಬಂದಿಲ್ಲ, ಬರಬಹುದು. ‘ದ ಕ್ಲೈಂಟ್ ಡಿಡ್ ನಾಟ್ ರಿಪ್ಲೈ’ ಅಂದರೆ ಉತ್ತರ ಬರಲಿಲ್ಲ, ಆ ಕಥೆ ಅಷ್ಟೇ. ಸ್ಟೇಟಸ್ ಕಾಲ್‌ನಲ್ಲಿ ಇವೆರಡು ಅದಲು ಬದಲಾದರೆ ಇನ್ನೂ ಜೀವಂತವಾಗಿರುವ ವ್ಯವಹಾರವನ್ನು ಸತ್ತಿದೆ ಅಂದುಕೊಳ್ಳುತ್ತಾರೆ.

ಮೂರನೆಯದು ಹೋದವರ ಸುದ್ದಿ. ‘ಶಿ ಹ್ಯಾಸ್ ಗಾನ್ ಟು ಮೈಸೂರು’ ಅಂದರೆ ಮೈಸೂರಿಗೆ ಹೋಗಿದ್ದಾಳೆ, ಈಗ ಸೀಟಿನಲ್ಲಿಲ್ಲ. ‘ಶಿ ಹ್ಯಾಸ್ ಬೀನ್ ಟು ಮೈಸೂರು’ ಅಂದರೆ ಹೋಗಿ ಬಂದಿದ್ದಾಳೆ. ಇಂಗ್ಲಿಷ್ ಕಲಿಯುವ ಎಷ್ಟೋ ದೇಶದವರಿಗೆ ಈ ಗಾನ್, ಬೀನ್ ತಲೆನೋವು. ನಮಗೆ ‘ಹೋಗಿದ್ದಾಳೆ’, ‘ಹೋಗಿ ಬಂದಿದ್ದಾಳೆ’ ಅಂತ ಮನಸ್ಸಿನಲ್ಲಿ ಹೇಳಿಕೊಂಡರೆ ಸಾಕು.

ಕನ್ನಡ ಕೈಕೊಡುವ ಮೂರು ಜಾಗ

ಅಷ್ಟು ಹೊತ್ತು ಕೈಹಿಡಿದು ನಡೆಸಿದ ಕನ್ನಡ ಕೆಲವು ತಿರುವಿನಲ್ಲಿ ಕೈಬಿಡುತ್ತದೆ. ಅದು ಕನ್ನಡದ ದೋಷವಲ್ಲ, ಎರಡು ಭಾಷೆಯ ದಾರಿ ಅಲ್ಲಿ ಬೇರೆಯಾಗುತ್ತದೆ ಅಷ್ಟೇ.

ಒಂದು, ‘ನಿನ್ನೆ’. ನಮ್ಮ ಪತ್ರಿಕೆಗಳಲ್ಲಿ ‘ಸಚಿವರು ಸೋಮವಾರ ಹೇಳಿದ್ದಾರೆ’ ಅಂತ ದಿನಾ ಓದುತ್ತೇವೆ. ಕನ್ನಡದಲ್ಲಿ ಅದು ಸಲೀಸು. ಇಂಗ್ಲಿಷಿನಲ್ಲಿ ‘ಹ್ಯಾಸ್ ಸೆಡ್’ ಮತ್ತು ‘ಆನ್ ಮಂಡೇ’ ಒಂದೇ ವಾಕ್ಯದಲ್ಲಿ ಕೂರುವುದಿಲ್ಲ. ಯಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 2019 ಹೀಗೆ ಮುಗಿದ ಕಾಲವನ್ನು ಬೆರಳಿಟ್ಟು ತೋರಿಸಿದ ಕೂಡಲೇ ಹ್ಯಾವ್ ಎದ್ದು ಹೋಗಬೇಕು. ‘ಐ ಹ್ಯಾವ್ ಸೆಂಟ್ ದ ಫೈಲ್’ ಸರಿ. ‘ಐ ಸೆಂಟ್ ದ ಫೈಲ್ ಯಸ್ಟರ್‌ಡೇ’ ಸರಿ. ‘ಐ ಹ್ಯಾವ್ ಸೆಂಟ್ ದ ಫೈಲ್ ಯಸ್ಟರ್‌ಡೇ’ ಸರಿಯಲ್ಲ. ‘ಯಾವಾಗ?’ ಅನ್ನುವ ಪ್ರಶ್ನೆಗೂ ಇದೇ ನಿಯಮ. ‘ವೆನ್ ಹ್ಯಾವ್ ಯು ಸೆಂಟ್ ಇಟ್?’ ಅನ್ನುವ ಬದಲು ‘ವೆನ್ ಡಿಡ್ ಯು ಸೆಂಡ್ ಇಟ್?’

ಹಾಗಾದರೆ ‘ದಿಸ್ ವೀಕ್’? ವಾರ ಇನ್ನೂ ಮುಗಿದಿಲ್ಲವಲ್ಲ, ಹಾಗಾಗಿ ಹ್ಯಾವ್‌ಗೆ ಜಾಗವಿದೆ. ‘ಐ ಹ್ಯಾವ್ ಕ್ಲೋಸ್ಡ್ ಸಿಕ್ಸ್ ಟಿಕೆಟ್ಸ್ ದಿಸ್ ವೀಕ್’ ಅನ್ನಬಹುದು, ಏಳನೆಯದು ಸಂಜೆ ಮುಗಿಯಬಹುದು. ಸೋಮವಾರ ಬಂದ ಮೇಲೆ ಅದೇ ಆರು ಟಿಕೆಟ್ಟಿಗೆ ‘ಐ ಕ್ಲೋಸ್ಡ್ ಸಿಕ್ಸ್ ಟಿಕೆಟ್ಸ್ ಲಾಸ್ಟ್ ವೀಕ್’.

ಎರಡು, ‘ಇಂದ’. ನನ್ನನ್ನು ಬೀಳಿಸಿದ ಗುಂಡಿ ಇದೇ. ‘ನಾಲ್ಕು ವರ್ಷದಿಂದ’ ಅನ್ನುವುದಕ್ಕೂ ‘2021ರಿಂದ’ ಅನ್ನುವುದಕ್ಕೂ ನಮಗೆ ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಅದು ಎರಡು. ಅವಧಿ ಹೇಳಿದರೆ ‘ಫಾರ್’, ಶುರುವಾದ ಗಳಿಗೆ ಹೇಳಿದರೆ ‘ಸಿನ್ಸ್’. ಎಣಿಸಬಹುದಾದರೆ ಫಾರ್, ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ತೋರಿಸಬಹುದಾದರೆ ಸಿನ್ಸ್. ‘ಫಾರ್ ಫೋರ್ ಇಯರ್ಸ್’, ‘ಸಿನ್ಸ್ 2021’, ‘ಸಿನ್ಸ್ ಮಂಡೇ’.

ಕ್ರಿಯಾಪದವೂ ಬದಲಾಗುತ್ತದೆ. ‘ನಾಲ್ಕು ವರ್ಷದಿಂದ ಕೆಲಸ ಮಾಡ್ತಿದ್ದೇನೆ’ ಅನ್ನುವಾಗ ನಾವು ಈಗ ನಡೆಯುತ್ತಿರುವುದನ್ನು ನೋಡುತ್ತೇವೆ. ಇಂಗ್ಲಿಷ್ ಅಲ್ಲಿಂದ ಇಲ್ಲಿವರೆಗಿನ ಪೂರ್ತಿ ಉದ್ದವನ್ನು ನೋಡುತ್ತದೆ. ಅದಕ್ಕೇ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೋರ್ ಇಯರ್ಸ್’ ಅಂತ ಹೇಳದೆ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೋರ್ ಇಯರ್ಸ್’ ಅನ್ನಬೇಕು.

ನನ್ನ ಹಾಗೆ ತಿದ್ದಲು ಹೋಗಿ ‘ಐ ವರ್ಕ್ಡ್ ಹಿಯರ್ ಫಾರ್ ಫೋರ್ ಇಯರ್ಸ್’ ಅನ್ನಬೇಡಿ. ನಮ್ಮ ಪಿಜಿಯಲ್ಲಿದ್ದ ಹುಡುಗಿಯೊಬ್ಬಳು ಇಂಟರ್‌ವ್ಯೂನಲ್ಲಿ ತನ್ನ ಈಗಿನ ಕಂಪನಿ ಬಗ್ಗೆ ಹಾಗೇ ಹೇಳಿದ್ದಳು. ‘ಯಾಕೆ ಬಿಟ್ಟಿರಿ? ಈಗ ಏನು ಮಾಡ್ತಿದ್ದೀರಿ?’ ಅಂತ ಪ್ರಶ್ನೆ ಬಂತಂತೆ. ಕೆಲಸದಲ್ಲಿ ಇದ್ದವಳೇ ಕೆಲಸ ಇಲ್ಲದವಳಾಗಿ ಅರ್ಧ ಗಂಟೆ ಸಮಜಾಯಿಷಿ ಕೊಡಬೇಕಾಯಿತು.

ಪ್ರಶ್ನೆ ಕೇಳುವಾಗಲೂ ಹುಷಾರು. ಬೆಂಗಳೂರಿಗೆ ಬಂದ ವಿದೇಶಿ ಸಹೋದ್ಯೋಗಿಯನ್ನು ‘ಹೌ ಲಾಂಗ್ ಆರ್ ಯು ಹಿಯರ್ ಫಾರ್?’ ಅಂತ ಕೇಳಿದರೆ ‘ಎಷ್ಟು ದಿನ ಇರ್ತೀರಿ?’ ಅಂತ ಕೇಳಿದ ಹಾಗೆ. ‘ಬಂದು ಎಷ್ಟು ದಿನ ಆಯ್ತು?’ ಅಂತ ಕೇಳಬೇಕಿದ್ದರೆ ‘ಹೌ ಲಾಂಗ್ ಹ್ಯಾವ್ ಯು ಬೀನ್ ಹಿಯರ್?’

ಮೂರು, ‘ಕಳಿಸಿದ್ದೆ’. ‘ನಿನ್ನೇನೇ ಕಳಿಸಿದ್ದೆ ಸಾರ್’ ಅನ್ನುವುದು ನಮಗೆ ಅಭ್ಯಾಸ. ಅದನ್ನೇ ‘ಐ ಹ್ಯಾಡ್ ಸೆಂಟ್ ಇಟ್ ಯಸ್ಟರ್‌ಡೇ’ ಅಂತ ಬರೆಯುತ್ತೇವೆ. ಭಾರತದ ಆಫೀಸುಗಳಲ್ಲಿ ಹ್ಯಾಡ್ ಉಪ್ಪಿನ ಹಾಗೆ ಎಲ್ಲ ಕಡೆ ಬೀಳುತ್ತದೆ. ಇಂಗ್ಲಿಷಿನ ಹ್ಯಾಡ್‌ಗೆ ಸಾಮಾನ್ಯವಾಗಿ ಜೊತೆಗಾರ ಬೇಕು, ಹಿಂದೆ ನಡೆದ ಇನ್ನೊಂದು ಘಟನೆ. ‘ಐ ಹ್ಯಾಡ್ ಸೆಂಟ್ ದ ಫೈಲ್ ಬಿಫೋರ್ ದ ಮೀಟಿಂಗ್ ಸ್ಟಾರ್ಟೆಡ್’. ಮೀಟಿಂಗ್ ಶುರುವಾದದ್ದು ಹಿಂದೆ, ಫೈಲ್ ಕಳಿಸಿದ್ದು ಅದಕ್ಕೂ ಹಿಂದೆ. ಜೊತೆಗಾರ ಇಲ್ಲದಿದ್ದರೆ ಕೇಳುವವರು ‘ಸರಿ, ಆಮೇಲೇನಾಯ್ತು?’ ಅಂತ ಕಾಯುತ್ತಾರೆ. ಬರೀ ನಿನ್ನೆಯ ಸುದ್ದಿಗೆ ‘ಐ ಸೆಂಟ್ ಇಟ್ ಯಸ್ಟರ್‌ಡೇ’ ಸಾಕು.

ಅಮೆರಿಕದವರು ಹಾಗೆ ಹೇಳ್ತಾರಲ್ಲ?

ವೆಬ್ ಸೀರೀಸ್ ನೋಡುವವರಿಗೆ ಈ ಅನುಮಾನ ಬಂದೇ ಬರುತ್ತದೆ. ಅಮೆರಿಕದವರು ‘ಡಿಡ್ ಯು ಈಟ್ ಯೆಟ್?’, ‘ಐ ಆಲ್ರೆಡಿ ಏಟ್’ ಅಂತ ಧಾರಾಳವಾಗಿ ಹೇಳುತ್ತಾರೆ. ಬ್ರಿಟಿಷರು ಸಾಮಾನ್ಯವಾಗಿ ‘ಹ್ಯಾವ್ ಯು ಈಟನ್ ಯೆಟ್?’, ‘ಐ ಹ್ಯಾವ್ ಆಲ್ರೆಡಿ ಈಟನ್’ ಅನ್ನುತ್ತಾರೆ. ಯೆಟ್, ಆಲ್ರೆಡಿ, ಜಸ್ಟ್ ಇದ್ದಾಗ ಎರಡೂ ನಡೆಯುತ್ತದೆ, ಅರ್ಥ ಕೆಡುವುದಿಲ್ಲ. ಆದರೆ ‘ಯಸ್ಟರ್‌ಡೇ’ ಜೊತೆ ಹ್ಯಾವ್ ಇಬ್ಬರಿಗೂ ಆಗದು. ‘ನಾಲ್ಕು ದಿನದಿಂದ ಇದ್ದಾರೆ’ ಅನ್ನುವುದಕ್ಕೆ ‘ಹ್ಯಾಸ್ ಬೀನ್’ ಇಬ್ಬರಿಗೂ ಬೇಕು.

ಸೆಂಡ್ ಒತ್ತುವ ಮೊದಲು

ನಾನೀಗ ಮುಖ್ಯವಾದ ಮೇಲ್ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ, ಕನ್ನಡದಲ್ಲೇ.

ಈ ವಿಷಯ ಈಗಲೂ ಹಾಗೇ ಇದೆಯಾ, ಅಥವಾ ಇದರ ಫಲ ಈಗ ಮುಖ್ಯವಾ? ಹೌದಾದರೆ ಹ್ಯಾವ್ ಅಥವಾ ಹ್ಯಾಸ್.

ಯಾವಾಗ ನಡೆಯಿತು ಅಂತ ಮುಗಿದುಹೋದ ದಿನವನ್ನೋ ಗಂಟೆಯನ್ನೋ ಬರೆದಿದ್ದೇನಾ? ಹೌದಾದರೆ ಹ್ಯಾವ್ ತೆಗೆದು ಸಾದಾ ಭೂತಕಾಲ.

ಹ್ಯಾಡ್ ಹಾಕಿದ್ದರೆ, ಯಾವುದಕ್ಕಿಂತ ಮೊದಲು? ಉತ್ತರ ಇಲ್ಲದಿದ್ದರೆ ಹ್ಯಾಡ್ ಬೇಡ.

ಅಷ್ಟೇ. ಇಂಗ್ಲಿಷ್ ಮೀಡಿಯಂನಲ್ಲಿ ಓದಲಿಲ್ಲ ಅಂತ ಹಿಂಜರಿಯುವವರು ನಮ್ಮಲ್ಲಿ ತುಂಬ ಜನ. ನಾನೂ ಕನ್ನಡ ಮೀಡಿಯಂನವಳೇ. ಕೋಷ್ಟಕ ಬಾಯಿಪಾಠ ಮಾಡಿದ್ದರಿಂದ ಬಾರದ್ದು ನನಗೆ ಬಂದದ್ದು, ಅಪ್ಪ ಫೋನಿನಲ್ಲಿ ಆಡಿದ ಒಂದು ಮಾತನ್ನು ಕಿವಿಗೊಟ್ಟು ಕೇಳಿದ ಮೇಲೆ.

ಅಪ್ಪ ಈಗ ಆರಾಮಾಗಿದ್ದಾರೆ. ಬೀಡಿ ಬಿಟ್ಟಿದ್ದಾರೆ, ಬೆಳಿಗ್ಗೆ ತೋಟದ ತನಕ ನಡೆಯುತ್ತಾರೆ. ನಾನು ಊರಿಗೆ ಹೋದ ಶನಿವಾರ ಬೀದಿಯಲ್ಲಿ ಸಿಕ್ಕವರಿಗೆಲ್ಲ “ಮಗ್ಳು ಬಂದವ್ಳೆ” ಅನ್ನುತ್ತಾರೆ. ಸೋಮವಾರ ನಾನು ಬೆಂಗಳೂರು ಸೇರಿದ ಮೇಲೆ ಅದೇ ಜನರಿಗೆ “ಮಗ್ಳು ಬಂದಿದ್ಲು”. ಎರಡರ ನಡುವಿನ ಅಂತರ ಎಷ್ಟು ಅಂತ ನನಗೀಗ ಚೆನ್ನಾಗಿ ಗೊತ್ತು. ಅವರ ಬಾಯಲ್ಲಿ ಮೊದಲನೇ ವಾಕ್ಯ ತಿಂಗಳಿಗೆ ಎರಡು ಸಲವಾದರೂ ಬರಲಿ ಅಂತ, ಶುಕ್ರವಾರ ರಾತ್ರಿ ಹಾಸನದ ಬಸ್ ಹತ್ತುತ್ತೇನೆ.